ಕಾಯುವವರ ಕಥೆ: ಹಾಸನದ ಗೆಳೆಯರು ಮಾಡಿದ ಒಂದು ಧಾರಾವಾಹಿಯ ಬಗ್ಗೆ

ಚಿತ್ರರಂಗದ ಬಗ್ಗೆ ಚಿತ್ರರಂಗದವರೇ ಹೇಳಿಕೊಂಡ ಕಥೆಗಳಲ್ಲಿ ಸಾಮಾನ್ಯವಾಗಿ ಇಬ್ಬರೇ ಇರುತ್ತಾರೆ: ಮೇಲೇರುವವನು ಒಬ್ಬ, ಕೆಳಗಿಳಿಯುವವನು ಇನ್ನೊಬ್ಬ. ನಾಯಕನೋ ನಾಯಕಿಯೋ ನಿರ್ದೇಶಕನೋ ಯಾರೇ ಆಗಲಿ, ಅವರ ಏಳುಬೀಳಿನ ಸುತ್ತಲೇ ಕಥೆ ಸುತ್ತುತ್ತದೆ. ಆದರೆ ಚಿತ್ರೀಕರಣ ನಡೆಯುವ ಜಾಗದಲ್ಲಿ ಅರ್ಧ ದಿನ ನಿಂತು ನೋಡಿದ ಯಾರಿಗಾದರೂ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ನೂರು ಜನರಿದ್ದರೆ ತೊಂಬತ್ತು ಜನ ಕಾಯುತ್ತಿರುತ್ತಾರೆ. ಬೆಳಕಿಗಾಗಿ, ಮೋಡ ಸರಿಯುವುದಕ್ಕಾಗಿ, ನಾಯಕನ ಮೇಕಪ್ ಮುಗಿಯುವುದಕ್ಕಾಗಿ, ಊಟದ ಗಾಡಿಗಾಗಿ, ಕೊನೆಗೆ ಸಂಬಳಕ್ಕಾಗಿ ಕಾಯುತ್ತಾರೆ. ಸಿನಿಮಾ ಎಂಬ ಉದ್ಯಮದ ಬಹುಪಾಲು ಸಮಯ ಕಾಯುವುದರಲ್ಲೇ ಕಳೆಯುತ್ತದೆ. ತೆರೆಯ ಮೇಲೆ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಈ ಮಾತನ್ನು ಎತ್ತಿಕೊಳ್ಳಲು ಕಾರಣ, ಹಾಸನದ ನನ್ನ ಕೆಲವು ಗೆಳೆಯರು ತಮ್ಮದೇ ಹಣ ಹಾಕಿ ಮಾಡಿರುವ ಆರು ಕಂತುಗಳ ಒಂದು ಧಾರಾವಾಹಿ. ಇನ್ನೂ ಬಿಡುಗಡೆಯಾಗಿಲ್ಲವಾದ್ದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಕಲನದ ಮೊದಲ ಸುತ್ತು ಮುಗಿದ ಮೇಲೆ ಪರಿಚಿತರ ಒಂದು ಸಣ್ಣ ಗುಂಪಿಗೆ ಅವರು ಅದನ್ನು ತೋರಿಸಿದರು. ಮಾಡಿದವರಲ್ಲಿ ಒಬ್ಬರು ಮದುವೆ ಮನೆಗಳಲ್ಲಿ ಕ್ಯಾಮೆರಾ ಹಿಡಿಯುವವರು, ಒಬ್ಬರು ಕಾಲೇಜಿನಲ್ಲಿ ಪಾಠ ಹೇಳುತ್ತಾ ನಾಟಕ ಬರೆಯುವವರು, ಇನ್ನೊಬ್ಬರು ಬೆಂಗಳೂರಿನಲ್ಲಿ ಕೆಲವು ವರ್ಷ ಸಹಾಯಕ ನಿರ್ದೇಶಕಿಯಾಗಿ ದುಡಿದು ಸಕಲೇಶಪುರದ ಕಡೆಯ ತಮ್ಮ ತೋಟಕ್ಕೆ ಮರಳಿದವರು. ಈ ಮೂವರ ಅನುಭವವೂ ಧಾರಾವಾಹಿಯ ಮೈಯಲ್ಲಿ ಬೇರೆಬೇರೆಯಾಗಿ ಕಾಣಿಸುತ್ತದೆ. ನನಗೆ ಅದು ಅದರ ಬಲವೆಂದೇ ತೋರುತ್ತದೆ.

ಕಥೆ ಸರಳವಾದದ್ದು. ಸಕಲೇಶಪುರದ ಹತ್ತಿರದ ಒಂದು ಹಳೆಯ ತೋಟದ ಮನೆಗೆ ಬೆಂಗಳೂರಿನಿಂದ ಒಂದು ಸಿನಿಮಾ ಯೂನಿಟ್ ಬರುತ್ತದೆ. ಹತ್ತು ದಿನದ ಕೆಲಸ ಎಂದು ಮನೆಯವರಿಗೆ ಮಾತು ಕೊಟ್ಟಿರುತ್ತಾರೆ. ಮಳೆ ಹಿಡಿಯುತ್ತದೆ, ನಿರ್ಮಾಪಕರ ಹಣ ತಡವಾಗುತ್ತದೆ, ನಾಯಕನ ಕಾಲ್‌ಶೀಟ್ ಮುಗಿದು ಅವನು ಹೊರಟುಹೋಗುತ್ತಾನೆ, ನಿರ್ದೇಶಕರು ಹಣ ಹೊಂದಿಸುತ್ತೇನೆಂದು ಬೆಂಗಳೂರಿಗೆ ಹೋದವರು ಫೋನಿನಲ್ಲಷ್ಟೇ ಸಿಗುತ್ತಾರೆ. ಉಳಿದವರು, ಅಂದರೆ ಪ್ರೊಡಕ್ಷನ್ ಮ್ಯಾನೇಜರ್, ಒಬ್ಬ ಸಹಾಯಕ ನಿರ್ದೇಶಕ, ನಾಲ್ಕಾರು ಲೈಟ್‌ಬಾಯ್‌ಗಳು, ಅಡುಗೆಯವರು, ಮೇಕಪ್ ಮಾಡುವವರು, ಮದುವೆಯ ದೃಶ್ಯಕ್ಕೆಂದು ಕರೆತಂದ ಸಹಕಲಾವಿದರು, ಆ ಮನೆಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಬಿಟ್ಟುಹೋದರೆ ಬರಬೇಕಾದ ಹಣ ಹೋಗುತ್ತದೆ, ಇದ್ದರೆ ಮನೆ ಹಾಳಾಗುತ್ತದೆ. ಮೊದಲ ಕಂತಿನ ಕೊನೆಗೇ ಇಷ್ಟೂ ಸ್ಪಷ್ಟವಾಗುತ್ತದೆ. ಮುಂದಿನ ಐದೂ ಕಂತುಗಳಲ್ಲಿ ಅವರು ಹೇಗೆ ಕಾಯುತ್ತಾರೆ ಎಂಬುದೇ ಕಥೆ.

ಎರಡನೆಯ ಕಂತಿನ ಒಂದು ದೃಶ್ಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಧಾರಾವಾಹಿಯ ಹಾಸ್ಯ ಎಂಥದ್ದು ಎಂಬುದು ಅಲ್ಲಿ ತಿಳಿಯುತ್ತದೆ. ಮನೆಯ ಅಜ್ಜಿ, ಸಿನಿಮಾದವರು ಬರುತ್ತಾರೆಂದು, ಕೈಯಿಂದ ಖರ್ಚು ಮಾಡಿ ಹಜಾರದ ಗೋಡೆಗೆಲ್ಲ ಸುಣ್ಣ ಹೊಡೆಸಿರುತ್ತಾರೆ. ಕಲಾ ವಿಭಾಗದ ಹುಡುಗ ಬಂದು ಗೋಡೆ ನೋಡಿ ತಲೆಯ ಮೇಲೆ ಕೈ ಹೊತ್ತು, ಬಕೆಟ್ಟಿನಲ್ಲಿ ಕಪ್ಪು ಬಣ್ಣವನ್ನೂ ಚಹಾದ ಡಿಕಾಕ್ಷನ್ನನ್ನೂ ಕಲಸಿ ಸ್ಪಂಜಿನಿಂದ ಗೋಡೆಗೆ ಒತ್ತುತ್ತಾ ಹೋಗುತ್ತಾನೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಾರೆ.

"ಏನಪ್ಪಾ, ಮೊನ್ನೆ ತಾನೇ ಸುಣ್ಣ ಹೊಡೆಸಿದೀನಿ. ಯಾಕೆ ಕೊಳೆ ಮಾಡ್ತಿದೀಯ?"

"ಹಳೇ ಮನೆ ಥರ ಕಾಣ್ಬೇಕಂತೆ ಅಜ್ಜಿ."

"ಇದು ಹಳೇ ಮನೇನೇ ಕಣಪ್ಪ. ನಮ್ಮ ಮಾವನೋರ ಕಾಲದ್ದು."

"ಹಂಗಲ್ಲ ಅಜ್ಜಿ, ಕ್ಯಾಮೆರಾಗೆ ಹಳೇದಾಗಿ ಕಾಣ್ಬೇಕು."

ಸಭೆ ಇಲ್ಲಿ ಜೋರಾಗಿ ನಕ್ಕಿತು. ಆದರೆ ದೃಶ್ಯ ಅಲ್ಲಿಗೆ ನಿಲ್ಲುವುದಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ, ಅಡುಗೆಮನೆಯಲ್ಲಿ ಮಸಿ ಹಿಡಿದಿದ್ದ ಒಂದು ಹಳೆಯ ಕುಕ್ಕೆಯನ್ನೂ ತುಕ್ಕು ಹಿಡಿದ ಲಾಟೀನನ್ನೂ ತಂದು, ಇವು ಬೇಕೇನೋ ನೋಡು ಎಂದು ಹುಡುಗನ ಮುಂದಿಡುತ್ತಾರೆ. ಅವನಿಗೆ ಬೇಕಾದದ್ದು ಏನೆಂದು ಆ ಹೊತ್ತಿಗೆ ಅವರಿಗೆ ಪೂರ್ತಿ ಅರ್ಥವಾಗಿರುತ್ತದೆ. ಹಳ್ಳಿಯ ಮುದುಕಿ, ಪೇಟೆಯ ಹುಡುಗ ಎಂದು ಇಬ್ಬರಲ್ಲಿ ಒಬ್ಬರನ್ನು ದಡ್ಡರನ್ನಾಗಿ ಮಾಡುವ ಸುಲಭದ ದಾರಿ ಎದುರಿಗೇ ಇತ್ತು. ಬರೆದವರು ಅದನ್ನು ಹಿಡಿಯಲಿಲ್ಲ. ನಗು ಬರುವುದು ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿರುವುದರಿಂದ. ಐದು ನಿಮಿಷವೂ ಇಲ್ಲದ ಈ ದೃಶ್ಯದಲ್ಲಿ ಸಿನಿಮಾ ಎಂಬುದು ನಿಜವಾದ ವಸ್ತುವನ್ನು ಅಳಿಸಿ ಅದರದೇ ನಕಲನ್ನು ಹೇಗೆ ಕಟ್ಟುತ್ತದೆ ಎಂಬುದೆಲ್ಲ ಬಂದುಹೋಗುತ್ತದೆ, ಯಾರೂ ಅದನ್ನು ಬಾಯಿಬಿಟ್ಟು ಹೇಳದೆ.

ಮೂರನೆಯ ಕಂತು ಮಳೆಯದು. ನಮ್ಮ ಸೀಮೆಯ ಮಳೆಗೆ ಕನ್ನಡ ಸಿನಿಮಾದಲ್ಲಿ ಒಂದು ಚರಿತ್ರೆಯಿದೆ. 2006ರ ಡಿಸೆಂಬರಿನಲ್ಲಿ ತೆರೆಕಂಡ 'ಮುಂಗಾರು ಮಳೆ' ಸಕಲೇಶಪುರ, ಮಡಿಕೇರಿ, ಜೋಗದ ಮಳೆಯನ್ನು ಇಡೀ ರಾಜ್ಯದ ಪ್ರೇಮದ ಭಾಷೆಯನ್ನಾಗಿ ಮಾಡಿತು. ಅದಾದ ಮೇಲೆ ಇಲ್ಲಿಗೆ ಕ್ಯಾಮೆರಾ ಹಿಡಿದು ಬರುವವರ ಸಂಖ್ಯೆ ಹೆಚ್ಚಿದ್ದನ್ನು ಈ ಕಡೆಯ ಜನ ಕಣ್ಣಾರೆ ಕಂಡಿದ್ದಾರೆ. ಆದರೆ ಯೂನಿಟ್ಟಿನ ಕೆಲಸಗಾರನಿಗೆ ಮಳೆಯೆಂದರೆ ಟಾರ್ಪಾಲು, ರಕ್ತ ಹೀರುವ ಇಂಬಳ, ಒದ್ದೆಯಾದ ಕೇಬಲ್ಲು, ಕೆಸರಿನಲ್ಲಿ ಹೂತ ಜನರೇಟರ್ ಗಾಡಿ. ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ: ನಿಜವಾದ ಮಳೆ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವುದಿಲ್ಲ. ಹನಿಗಳ ಹಿಂದಿನಿಂದ ಬಲವಾದ ಬೆಳಕು ಬೀಳದಿದ್ದರೆ ತೆರೆಯ ಮೇಲೆ ಮಳೆ ಬರಿಯ ಮಂಕು ಹೊಗೆಯಂತೆ ಕಾಣುತ್ತದೆ. ದಪ್ಪ ಹನಿ ಬೇಕಾದಾಗ, ಬೇಕಾದ ಕಡೆಗೆ, ಬೇಕಾದಷ್ಟು ಹೊತ್ತು ಸುರಿಯಬೇಕೆಂದರೆ ಟ್ಯಾಂಕರಿನ ನೀರೇ ಆಗಬೇಕು. ಹಾಗಾಗಿ ಮಳೆಯ ಹಾಡನ್ನು ತೆಗೆಯಲೆಂದು ಮಲೆನಾಡಿಗೆ ಬಂದ ಯೂನಿಟ್ಟು ಮಳೆ ನಿಲ್ಲಲಿ ಎಂದು ಕಾಯುತ್ತದೆ, ನಿಂತ ಮೇಲೆ ಟ್ಯಾಂಕರಿಗೆ ಫೋನು ಮಾಡುತ್ತದೆ. ಗೆಳೆಯರು ಇದನ್ನು ಒಂದಿಷ್ಟೂ ಉತ್ಪ್ರೇಕ್ಷೆ ಮಾಡದೆ ತೋರಿಸಿದ್ದಾರೆ. ಘಟ್ಟದ ದಾರಿಯಲ್ಲಿ ಮರ ಬಿದ್ದು ನೀರಿನ ಟ್ಯಾಂಕರ್ ನಿಂತುಹೋಗುತ್ತದೆ. ಮರ ಬಿದ್ದದ್ದು ಮಳೆಯಿಂದಲೇ. ಟ್ಯಾಂಕರ್ ಚಾಲಕನಿಗೂ ಪ್ರೊಡಕ್ಷನ್ ಮ್ಯಾನೇಜರಿಗೂ ಫೋನಿನಲ್ಲಿ ನಡೆಯುವ ಮಾತುಕತೆ ಈ ಧಾರಾವಾಹಿಯ ಅತ್ಯಂತ ನಗೆಯ ಭಾಗವೆಂದು ನನ್ನ ಅಭಿಪ್ರಾಯ.

ನಗೆಯ ನಡುವೆ ಒಬ್ಬ ಹೆಂಗಸು ಮೊದಲ ಕಂತಿನಿಂದಲೂ ಹಿನ್ನೆಲೆಯಲ್ಲಿ ಇರುತ್ತಾರೆ. ಮದುವೆಯ ಗುಂಪಿನಲ್ಲಿ ನಿಲ್ಲಲು ಬಂದ ಸಹಕಲಾವಿದೆ. ಬೆಳಗಿನ ಆರಕ್ಕೇ ರೇಷ್ಮೆ ಸೀರೆ ಉಡಿಸಿ ಕೂರಿಸಿರುತ್ತಾರೆ. ಕಾಫಿ ಕೊಡಲು ಬಂದವರಿಗೆ ಬೇಡ ಎನ್ನುತ್ತಾರೆ. ನೀರು ಕೊಟ್ಟರೂ ಬೇಡ. ಎರಡನೆಯ ಕಂತಿನಲ್ಲೂ ಬೇಡ, ಮೂರನೆಯದರಲ್ಲೂ ಬೇಡ. ನೋಡುವವರಿಗೆ ಇದೊಂದು ವಿಚಿತ್ರ ಸ್ವಭಾವವೆನ್ನಿಸುತ್ತದೆ, ಸಹಾಯಕ ನಿರ್ದೇಶಕನೂ ಹಾಗೆಂದೇ ತಿಳಿಯುತ್ತಾನೆ. ನಾಲ್ಕನೆಯ ಕಂತಿನಲ್ಲಿ ಮನೆಯ ಅಜ್ಜಿ ಅವರನ್ನು ಮೆಲ್ಲಗೆ ಹಿಂದಿನ ಬಾಗಿಲಿನಿಂದ ತಮ್ಮ ಬಚ್ಚಲ ಕಡೆಗೆ ಕರೆದುಕೊಂಡು ಹೋದಾಗಷ್ಟೇ ನಮಗೆ ಕಾರಣ ತಿಳಿಯುತ್ತದೆ. ಯೂನಿಟ್ಟಿನಲ್ಲಿ ಶೌಚಾಲಯವಿರುವ ಕ್ಯಾರವಾನ್ ಇದ್ದದ್ದು ನಾಯಕನಿಗೊಂದು, ನಾಯಕಿಗೊಂದು. ಉಳಿದ ಹೆಂಗಸರಿಗೆ ತೋಟವೇ ಗತಿ.

ಇದು ಕಲ್ಪನೆಯ ಮಾತಲ್ಲ. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿಯನ್ನು ಅರಿಯಲು ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಕೆ. ಹೇಮಾ ಸಮಿತಿಯ ವರದಿ 2019ರ ಡಿಸೆಂಬರಿನಲ್ಲಿ ಸಲ್ಲಿಕೆಯಾಗಿ, 2024ರ ಆಗಸ್ಟಿನಲ್ಲಿ ಕೆಲವು ಭಾಗಗಳನ್ನು ತೆಗೆದು ಹೊರಬಂದಾಗ ಪತ್ರಿಕೆಗಳು ಹೆಚ್ಚಾಗಿ ಬರೆದದ್ದು ಲೈಂಗಿಕ ಕಿರುಕುಳದ ಬಗ್ಗೆ. ಬರೆಯಲೇಬೇಕಿತ್ತು ಸಹ. ಆದರೆ ಅದೇ ವರದಿಯಲ್ಲಿ ಚಿತ್ರೀಕರಣದ ಜಾಗಗಳಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ, ಆದ್ದರಿಂದ ಹೆಂಗಸರು ದಿನವಿಡೀ ನೀರು ಕುಡಿಯದೆ ಇರುತ್ತಾರೆ, ಅದರಿಂದ ಕಾಯಿಲೆ ಬೀಳುತ್ತಾರೆ ಎಂಬುದೂ ಇದೆ. ಅದರ ಬೆನ್ನಿಗೇ 2024ರ ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗದ 'ಫೈರ್' ಸಂಘಟನೆಯವರು ಇಲ್ಲೂ ಅಂಥದೇ ಸಮಿತಿಯಾಗಲಿ ಎಂದು ಮುಖ್ಯಮಂತ್ರಿಗಳನ್ನು ಕೇಳಿದರು. ವರದಿಯಲ್ಲಿ ಓದಿದ್ದು ಮನಸ್ಸಿನಿಂದ ಜಾರಿಹೋಗಬಹುದು. ಮೂರು ಕಂತು ಒಬ್ಬ ಹೆಂಗಸು ಬೇಡ ಎನ್ನುವುದನ್ನು ನೋಡಿ ನಾಲ್ಕನೆಯದರಲ್ಲಿ ಕಾರಣ ತಿಳಿದವನು ಇನ್ನು ಯಾವ ಸಿನಿಮಾದ ಮದುವೆಯ ದೃಶ್ಯವನ್ನೂ ಮೊದಲಿನಂತೆ ನೋಡಲಾರ. ನನಗಂತೂ ಹಾಗಾಗಿದೆ.

ಇದನ್ನು ಎರಡೂವರೆ ಗಂಟೆಯ ಸಿನಿಮಾದಲ್ಲಿ ಮಾಡಲಾಗುತ್ತಿರಲಿಲ್ಲ. ಕಾಯುವಿಕೆಯನ್ನು ತೋರಿಸಲು ಕಾಲ ಬೇಕು, ಕಂತು ಮುಗಿದು ಇನ್ನೊಂದು ಕಂತು ಶುರುವಾದಾಗಲೂ ಅದೇ ಜನ ಅದೇ ಜಗಲಿಯ ಮೇಲೆ ಕುಳಿತಿರಬೇಕು. ನಮ್ಮ ವಾಹಿನಿಗಳ ದಿನವಹಿ ಧಾರಾವಾಹಿಗಳಲ್ಲಿ ಕಾಲ ಬೇಕಾದಷ್ಟಿದೆ, ಆದರೆ ಅದು ಟಿಆರ್‌ಪಿ ಇರುವ ತನಕ ಎಳೆಯುವ ಕಾಲ. ಕಥೆಗೆ ಎಷ್ಟು ಬೇಕೋ ಅಷ್ಟು ಎಂಬ ಅಳತೆ ಅಲ್ಲಿಲ್ಲ. ಅಳತೆಯಿದ್ದ ಧಾರಾವಾಹಿಗಳ ಪರಂಪರೆಯೂ ನಮ್ಮಲ್ಲಿ ಇತ್ತೆಂಬುದನ್ನು ಮರೆಯಬಾರದು. 1980ರ ದಶಕದ ದೂರದರ್ಶನದಲ್ಲಿ ಹದಿಮೂರು ವಾರಕ್ಕೆ ಮುಗಿಯುವ ಧಾರಾವಾಹಿ ಸಾಮಾನ್ಯವಾಗಿತ್ತು. ಶಂಕರ್‌ನಾಗ್ ಶೃಂಗೇರಿಗೆ ಹತ್ತಿರವೇ ಇರುವ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿ, ಅದು 1986ರಲ್ಲಿ ಪ್ರಸಾರವಾದಾಗ ಒಂದು ಇಡೀ ಊರೇ ಧಾರಾವಾಹಿಯ ಪಾತ್ರವಾಗಬಹುದೆಂದು ತೋರಿಸಿದರು. ಮಾಸ್ಟರ್ ಮಂಜುನಾಥ್, ಅನಂತನಾಗ್, ಗಿರೀಶ ಕಾರ್ನಾಡ್ ಮುಂತಾದ ಕನ್ನಡದ ನಟರು ಹಿಂದಿಯಲ್ಲಿ ಮಾತಾಡಿದರೂ ಅದರ ಗಾಳಿ, ಅದರ ಹೆಂಚು, ಅದರ ಮಳೆ ಎಲ್ಲ ಮಲೆನಾಡಿನದೇ ಆಗಿತ್ತು. ನನ್ನ ಗೆಳೆಯರ ಧಾರಾವಾಹಿ ಆ ಅಳತೆಗೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದೇ ಜಾತಿಯದು ಎನ್ನುತ್ತಿದ್ದೇನೆ.

ಇನ್ನು ಹಣದ ಮಾತು. ಮೊದಲು ಅವರು ಕಥೆಯನ್ನು ಒಂದು ವಾಹಿನಿಗೆ ಒಯ್ದಿದ್ದರು. ಅಲ್ಲಿಯವರು ಓದಿ, ಸಹಾಯಕ ನಿರ್ದೇಶಕನನ್ನು ನಾಯಕನನ್ನಾಗಿ ಮಾಡಿ, ಅವನಿಗೂ ನಾಯಕಿಗೂ ಪ್ರೇಮ ಹುಟ್ಟಿಸಿ, ಕೊನೆಗೆ ಅವನೇ ಆ ಸಿನಿಮಾ ಮುಗಿಸಿ ಗೆಲ್ಲುವಂತೆ ಬದಲಿಸಿದರೆ ನೋಡೋಣ ಎಂದರಂತೆ. ಮತ್ತೆ ಅದೇ ಮೇಲೇರುವವನ ಕಥೆ. ಗೆಳೆಯರು ಹಿಂತಿರುಗಿದರು. ಚಿತ್ರರಂಗದ ಕಥೆ ಹೇಳುವವನು ಚಿತ್ರರಂಗದ ಹಣವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಹಣ ಕೊಡುವವರು ಸತ್ಯ ಹೇಳಬೇಡಿ ಎಂದೇನೂ ತಡೆಯುವುದಿಲ್ಲ. ಇವರಿಗಿಂತ ಅವರ ಕಥೆ ಹೇಳಿ ಎಂದು ಬೆರಳನ್ನು ಇನ್ನೊಂದು ಕಡೆ ತಿರುಗಿಸುತ್ತಾರೆ, ಅಷ್ಟೆ.

ಕನ್ನಡದಲ್ಲಿ ಸ್ವತಂತ್ರ ದಾರಿ ಹೊಸದಲ್ಲ. ಪವನ್ ಕುಮಾರ್ ತಮ್ಮ 'ಲೂಸಿಯಾ'ಕ್ಕೆ ನೇರವಾಗಿ ಜನರನ್ನೇ ಕೇಳಿ, 27 ದಿನಗಳಲ್ಲಿ 110 ಜನರಿಂದ ಸುಮಾರು 51 ಲಕ್ಷ ರೂಪಾಯಿ ಕೂಡಿಸಿ, 2013ರಲ್ಲಿ ಚಿತ್ರವನ್ನು ತೆರೆಗೆ ತಂದರು. ಚಿತ್ರಮಂದಿರದ ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ ಹುಡುಗನೊಬ್ಬ ಅದರ ನಡುವಿನಲ್ಲಿದ್ದದ್ದು, ಅಂದರೆ ಚಿತ್ರರಂಗದ ತೀರ ಕೊನೆಯ ಮೆಟ್ಟಿಲಿನ ಕೆಲಸಗಾರ ಕಥೆಯಾದದ್ದು, ಹಣ ಎಲ್ಲಿಂದ ಬಂತು ಎಂಬುದಕ್ಕೆ ಸಂಬಂಧವಿಲ್ಲದ ಮಾತೆಂದು ನನಗೆ ಅನ್ನಿಸುವುದಿಲ್ಲ. ಕರಾವಳಿಯ ಏಳು ಕಥೆಗಳ 'ಏಕಂ' ಸರಣಿಯನ್ನು ಕೊಳ್ಳಲು ದೊಡ್ಡ ಓಟಿಟಿ ವೇದಿಕೆಗಳು ಮುಂದೆ ಬರಲಿಲ್ಲ; ಮಾಡಿದವರು ವರ್ಷಗಟ್ಟಲೆ ಕಾದು, 2024ರ ಜುಲೈಯಲ್ಲಿ ತಮ್ಮದೇ ಜಾಲತಾಣ ಕಟ್ಟಿ, ಬೆಲೆ ಇಟ್ಟು, ಜನರಿಗೆ ನೇರವಾಗಿ ಒಪ್ಪಿಸಿದರು. ರಾಜ್ ಬಿ. ಶೆಟ್ಟಿ, ಪ್ರಕಾಶ್ ರಾಜ್‌ರಂಥವರು ಅಭಿನಯಿಸಿದ್ದ, ರಕ್ಷಿತ್ ಶೆಟ್ಟಿ ಬೆನ್ನಿಗಿದ್ದ ಸರಣಿಗೇ ಈ ಗತಿಯಾದರೆ ಹಾಸನದ ಹೆಸರಿಲ್ಲದ ಮೂವರು ಯಾವ ಬಾಗಿಲು ತಟ್ಟಬೇಕು? ಆದ್ದರಿಂದ ಆ ವಾಹಿನಿಯಿಂದ ಹಿಂತಿರುಗಿದ ಮೇಲೆ ಅವರು ಬೇರೆ ಬಾಗಿಲು ತಟ್ಟುವ ಯೋಚನೆಯನ್ನೇ ಬಿಟ್ಟರು.

ಆದರೆ ಸ್ವತಂತ್ರ ಎಂಬ ಮಾತಿನ ಅಡಿಯಲ್ಲಿ ಒಂದು ಅಪಾಯವಿದೆ, ಅದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಹಣವಿಲ್ಲದೆ ಮಾಡುವ ಸಿನಿಮಾ ಬಹಳ ಸಲ ಇನ್ನೊಬ್ಬರ ಬಿಟ್ಟಿ ದುಡಿಮೆಯ ಮೇಲೆ ನಿಂತಿರುತ್ತದೆ. ಗೆಳೆತನ, ಕಲೆ, ಅವಕಾಶ ಎಂಬ ಹೆಸರಿನಲ್ಲಿ ಊರಿನ ಹುಡುಗರನ್ನು ಹಗಲು ರಾತ್ರಿ ದುಡಿಸಿ, ಕೊನೆಗೆ ಹೆಸರು ಹಾಕುವ ಸಾಲಿನಲ್ಲಿ ಒಂದು ಕೃತಜ್ಞತೆ ಹೇಳಿ ಮುಗಿಸುವುದುಂಟು. ಸಂಬಳ ಸಿಗದ ಕೆಲಸಗಾರರ ಕಥೆಯನ್ನು ಸಂಬಳ ಕೊಡದೆ ಚಿತ್ರೀಕರಿಸುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಸಿನಿಮಾ ಕೆಲಸಗಾರರನ್ನು ಲಿಖಿತ ಒಪ್ಪಂದವಿಲ್ಲದೆ ದುಡಿಸಿಕೊಳ್ಳಬಾರದೆಂದು 1981ರಲ್ಲೇ ಕೇಂದ್ರ ಕಾಯ್ದೆಯಾಯಿತು. ಗಾಂಧಿನಗರದಲ್ಲಿ ಎಷ್ಟು ಜನ ಲೈಟ್‌ಬಾಯ್‌ಗಳ ಕೈಯಲ್ಲಿ ಅಂಥ ಕಾಗದ ಇದೆಯೆಂದು ಅವರನ್ನೇ ಕೇಳಬೇಕು. ಈ ಧಾರಾವಾಹಿಯಲ್ಲಿ ದುಡಿದ ಪ್ರತಿಯೊಬ್ಬರ ಜೊತೆಗೂ, ಎರಡು ದಿನ ಮಾತ್ರ ಬಂದ ಅಡುಗೆಯವರ ಜೊತೆಗೂ, ಗೆಳೆಯರು ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಬರೆದುಕೊಂಡರು. ದಿನದ ಕೂಲಿ ಆ ದಿನ ಸಂಜೆಯೇ ಕೈಗೆ. ಹೆಂಗಸರಿಗೆ ಬಟ್ಟೆ ಬದಲಿಸಲು ಮನೆಯ ಒಂದು ಕೋಣೆ, ಶೌಚಾಲಯ, ಚಿತ್ರೀಕರಣ ಶುರುವಾಗುವ ಮೊದಲೇ ನಿಗದಿ. ಇದಕ್ಕೆ ಹಣ ಸಾಲದೆ ಬಂದಾಗ ಎಂಟು ಕಂತುಗಳ ಕಥೆಯನ್ನು ಆರಕ್ಕೆ ಇಳಿಸಿದರೇ ಹೊರತು ಕೂಲಿ ಇಳಿಸಲಿಲ್ಲ. ತಾವು ಮೂವರು ಮಾತ್ರ ಏನನ್ನೂ ತೆಗೆದುಕೊಂಡಿಲ್ಲ. ಅದೂ ಸರಿಯಲ್ಲ ಎಂದು ನಾನು ವಾದಿಸಿದ್ದೇನೆ; ಮುಂದಿನ ಕೆಲಸಕ್ಕೆ ಅವರ ಕೈ ಬರಿದಾಗಿರಬಾರದು.

ಇಳಿಸಿದ ಎರಡು ಕಂತುಗಳ ಕೊರತೆ ಕಾಣುತ್ತದೆ. ಐದನೆಯ ಕಂತಿನಲ್ಲಿ ಬಾಕಿ ಉಳಿದ ಒಂದು ದೃಶ್ಯಕ್ಕೆಂದು ನಾಯಕ ಅರ್ಧ ದಿನದ ಮಟ್ಟಿಗೆ ಮರಳಿ ಬರುತ್ತಾನೆ. ಈ ಧಾರಾವಾಹಿಯ ದುರ್ಬಲ ಭಾಗ ಇದೇ. ಕಪ್ಪು ಕನ್ನಡಕ, ಹಿಂದೆ ನಾಲ್ಕು ಜನ, ಅರ್ಧ ಇಂಗ್ಲಿಷಿನ ಮಾತು. ಇಂಥ ಸ್ಟಾರ್‌ನನ್ನು ನಾವು ಹಾಸ್ಯ ಕಾರ್ಯಕ್ರಮಗಳಲ್ಲಿ ಸಾಕಷ್ಟು ನೋಡಿದ್ದೇವೆ. ಅಜ್ಜಿಗೂ ಕಲಾ ವಿಭಾಗದ ಹುಡುಗನಿಗೂ ಸಿಕ್ಕ ಗೌರವ ಅವನಿಗೆ ಸಿಕ್ಕಿಲ್ಲ. ಮೇಲಿರುವವನನ್ನು ಗೇಲಿ ಮಾಡುವುದು ನ್ಯಾಯವೇ ಇರಬಹುದು, ಆದರೆ ಅವನೂ ಯಾರಿಗಾಗಿಯೋ ಕಾಯುತ್ತಿರುತ್ತಾನಲ್ಲವೇ? ಹಿಂದಿನ ಎರಡು ಸಿನಿಮಾ ಬಿದ್ದ ನಟನೊಬ್ಬ ಬಿಡುಗಡೆಯ ಶುಕ್ರವಾರಕ್ಕಾಗಿ ಕಾಯುವ ಭಯ ಎಂಥದ್ದು ಎಂಬುದನ್ನು ತೋರಿಸಿದ್ದರೆ ಕಂತಿಗೆ ಬೇರೆಯೇ ಆಳ ಬರುತ್ತಿತ್ತು. ಬಿಟ್ಟುಹೋದ ಒಂದು ಕಂತು ಅವನದೇ ಆಗಿತ್ತೆಂದು ಆಮೇಲೆ ತಿಳಿಯಿತು. ಧ್ವನಿಯ ಕೆಲಸವೂ ಕೆಲವು ಕಡೆ ಒರಟಾಗಿದೆ. ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಮಾತುಗಳು ಮುಳುಗುತ್ತವೆ. ಅದನ್ನು ಡಬ್ಬಿಂಗಿನಲ್ಲಿ ಸರಿಪಡಿಸುತ್ತಿದ್ದಾರೆ.

ಮಾತಿನ ಬಗ್ಗೆ ಒಂದು ವಾಕ್ಯ ಹೇಳದೆ ಹೋಗಲಾರೆ. ಇಲ್ಲಿನ ಜನ ಹಾಸನದ ಜನರಂತೆಯೇ ಮಾತಾಡುತ್ತಾರೆ. ಯಾರೂ ಹಳ್ಳಿಯ ಭಾಷೆಯೆಂದು ಒಂದು ಕೃತಕ ಕನ್ನಡವನ್ನು ಬಾಯಿಗೆ ತುರುಕಿಕೊಂಡಿಲ್ಲ. ಅರಸೀಕೆರೆ ಕಡೆಯ ಧನಂಜಯ, ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದ ಯಶ್ ಇಂದು ದೊಡ್ಡ ಹೆಸರುಗಳಾಗಿದ್ದಾರೆ. ಆದರೂ ಈ ಜಿಲ್ಲೆಯ ಸಾಮಾನ್ಯ ಮಾತು ತೆರೆಯ ಮೇಲೆ ಯಾವ ಒತ್ತೂ ಇಲ್ಲದೆ ಬರುವುದು ಇನ್ನೂ ಅಪರೂಪ.

ಗೆಳೆಯರಿಗೂ ನನಗೂ ಒಪ್ಪಿಗೆಯಾಗದೆ ಉಳಿದಿರುವುದು ಆರನೆಯ ಕಂತು. ಈಗಿರುವ ರೂಪದಲ್ಲಿ ಹೇಗೋ ಕೆಲಸ ಮುಗಿದು ಕುಂಬಳಕಾಯಿ ಒಡೆಯುತ್ತಾರೆ, ಒಂದು ವರ್ಷದ ನಂತರ ಆ ಸಿನಿಮಾ ಹಾಸನದ ಒಂದು ಚಿತ್ರಮಂದಿರದಲ್ಲಿ ತೆರೆ ಕಾಣುತ್ತದೆ, ಅಜ್ಜಿ ಮೊಮ್ಮಗನ ಜೊತೆ ಬಂದು ತಮ್ಮ ಮನೆಯ ಗೋಡೆಯನ್ನು ತೆರೆಯ ಮೇಲೆ ನೋಡುತ್ತಾರೆ. ದೃಶ್ಯ ಚೆನ್ನಾಗಿದೆ, ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಆದರೆ ಇಂಥ ಸ್ಥಿತಿಗೆ ಬಂದ ಸಿನಿಮಾಗಳಲ್ಲಿ ಎಷ್ಟೋ ಡಬ್ಬ ಸೇರುತ್ತವೆ. ಅವುಗಳಲ್ಲಿ ದುಡಿದವರಿಗೆ ತಮ್ಮ ದುಡಿಮೆಯನ್ನು ತೆರೆಯ ಮೇಲೆ ನೋಡುವ ಭಾಗ್ಯವೂ ಇರುವುದಿಲ್ಲ. ಐದು ಕಂತು ಸತ್ಯವನ್ನೇ ಹೇಳಿದವರು ಆರನೆಯದರಲ್ಲಿ ಪ್ರೇಕ್ಷಕರಿಗೆ ಸಮಾಧಾನ ಮಾಡಬೇಕೇ ಎಂಬುದು ನನ್ನ ಪ್ರಶ್ನೆ. ಸಹಾಯಕ ನಿರ್ದೇಶಕಿಯಾಗಿದ್ದ ಗೆಳತಿಯ ಉತ್ತರ ಬೇರೆ: "ನಾನು ಕೆಲಸ ಮಾಡಿದ ಮೂರು ಸಿನಿಮಾ ಬಿಡುಗಡೆ ಆಗ್ಲೇ ಇಲ್ಲ. ಇದೊಂದಾದ್ರೂ ಆಗ್ಲಿ ಬಿಡಿ ಅಂತ ಬರ್ದೆ." ಆ ಮಾತಿಗೆ ನನ್ನ ಬಳಿ ಎದುರು ಮಾತಿರಲಿಲ್ಲ, ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೇಲೂರು, ಅರಸೀಕೆರೆ, ಮೂಡಿಗೆರೆಗಳಲ್ಲಿ ಮೊದಲು ಜನರ ಮುಂದೆ ತೋರಿಸಿ, ಅವರ ಮಾತು ಕೇಳಿ, ಕೊನೆಯ ಕಂತನ್ನು ಇಟ್ಟುಕೊಳ್ಳುವುದೋ ಕತ್ತರಿಸುವುದೋ ನಿರ್ಧರಿಸುವುದೆಂದು ಈಗ ಮಾತಾಗಿದೆ. ಆಮೇಲೆ ಒಂದು ಸಣ್ಣ ಬೆಲೆ ಇಟ್ಟು ತಮ್ಮದೇ ಜಾಲತಾಣದಲ್ಲಿ ಹಾಕುತ್ತಾರೆ.